ಟ್ರ್ಯಾಕ್ಟರಿನ ಸುಳಿ ನೋಡುವವರಾರು?

ಶಿವರಾತ್ರಿಯ ಸುಮಾರಿಗೆ ತುಮಕೂರಿನ ಪಕ್ಕದ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ತಳಿಯ ಹೋರಿಗಳನ್ನು ಕೊಳ್ಳಲು ಬಂದ ಹಿರಿಯ ಬೇಸಾಯಗಾರನನ್ನು ಅಲ್ಲಿ ಒಂದು ಗಳಿಗೆ ನಿಂತು ಗಮನಿಸಬೇಕು. ಅವನು ಮೊದಲು ಹೋರಿಯ ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ನಿಶ್ಚಯ ಮಾಡಿಕೊಳ್ಳುತ್ತಾನೆ. ಮೈಮೇಲಿನ ಸುಳಿಗಳನ್ನು ನೋಡುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡಿ, ಮನೆಯಲ್ಲಿರುವ ಒಂಟಿ ಎತ್ತಿಗೆ ಇದು ಜೋಡಿಯಾದೀತೇ, ನೊಗ ಸಮನಾಗಿ ಕೂತೀತೇ ಎಂದು ಮನಸ್ಸಿನಲ್ಲಿಯೇ ಅಳೆಯುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವೆಲಿನ ಮರೆಯಲ್ಲಿ ದಲ್ಲಾಳಿಯೊಡನೆ ಬೆರಳುಗಳ ಮಾತು.

ಅವನ ಮಗನು ಆ ಎತ್ತಿಗಿಂತ ಎಷ್ಟೋ ಪಟ್ಟು ಬೆಲೆ ಬಾಳುವ ಟ್ರ್ಯಾಕ್ಟರನ್ನು ಕೊಳ್ಳಲು ಷೋರೂಮಿಗೆ ಹೋದಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಎಷ್ಟು ಎಚ್.ಪಿ.? ಕಂತು ಎಷ್ಟು?

ಇದು ಹಳ್ಳಿಯ ಮಾತು, ಪಟ್ಟಣದ ಮನೆಗೆ ಇದರಿಂದ ಏನಾಗಬೇಕು ಎನ್ನುವ ಹಾಗಿಲ್ಲ. ತುಮಕೂರು ನಗರದ ಬಡಾವಣೆಗಳಲ್ಲಿ ಸಂಬಳ ತರುವ ಅಣ್ಣನೊಬ್ಬನಿದ್ದರೆ, ಗುಬ್ಬಿಯ ಕಡೆಯ ಹಳ್ಳಿಯಲ್ಲಿ ಜಮೀನು ನೋಡಿಕೊಳ್ಳುವ ತಮ್ಮನೊಬ್ಬ ಇದ್ದೇ ಇರುತ್ತಾನೆ. ರಾಗಿಯ ಮೂಟೆ, ತೆಂಗಿನಕಾಯಿ ಅಲ್ಲಿಂದ ಬರುತ್ತವೆ; ಸಾಲದ ಕಾಗದಕ್ಕೆ ಜಾಮೀನಿನ ರುಜು ಇಲ್ಲಿಂದ ಹೋಗುತ್ತದೆ. ಕಂತು ತಪ್ಪಿದ ದಿನ ಬ್ಯಾಂಕಿನ ನೋಟೀಸು ಎರಡು ಬಾಗಿಲುಗಳನ್ನೂ ತಟ್ಟುತ್ತದೆ.

ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗುಬ್ಬಿ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೆಂಗಿನ ತೋಟ, ನಾಲ್ಕು ಎಕರೆ ರಾಗಿಯ ಬೆದ್ದಲು. ಅಣ್ಣ ತುಮಕೂರಿನಲ್ಲಿ ನೌಕರಿಯವನು. ಅತ್ತಿಗೆಯ ತವರು ಕುಣಿಗಲ್. ಒಂದು ಭಾನುವಾರ ತಮ್ಮ ಬಂದು, ಕಾಫಿಯ ಲೋಟ ಕೆಳಗಿಡುವ ಮೊದಲೇ ಮಾತು ತೆಗೆಯುತ್ತಾನೆ.

“ಅಣ್ಣಯ್ಯ, ಕುಣಿಗಲ್ಲಿನ ಭಾವ ಐವತ್ತು ಎಚ್.ಪಿ.ದು ತಂದಿದ್ದಾರೆ, ನಾಲ್ಕು ಚಕ್ರವೂ ಎಳೆಯೋದು. ಅದನ್ನೇ ನಾವೂ ತಂದುಬಿಡೋಣ.”

ಅಣ್ಣ ಉತ್ತರ ಹುಡುಕುತ್ತಿರುವಾಗ ಅಡಿಗೆಮನೆಯ ಬಾಗಿಲಿನಿಂದ ಅತ್ತಿಗೆ ಹೇಳುತ್ತಾಳೆ: “ನಮ್ಮಣ್ಣನದು ಗದ್ದೆ ಕಣಪ್ಪ. ನಮ್ಮದು ತೋಟ.”

ಟ್ರ್ಯಾಕ್ಟರ್ ಕೊಳ್ಳುವ ವಿದ್ಯೆಯ ಮುಕ್ಕಾಲು ಪಾಲು ಆ ಎರಡು ವಾಕ್ಯಗಳಲ್ಲಿದೆ.

ಕುಣಿಗಲ್ಲಿನ ಭಾವನ ಆಯ್ಕೆ ತಪ್ಪೇನಲ್ಲ. ದೊಡ್ಡಕೆರೆಯ ಹಿಂದೆ, ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ ಇರುವುದು ಭತ್ತದ ಗದ್ದೆ. ನೀರು ನಿಲ್ಲಿಸಿ ಕೆಸರು ಮಾಡುವಾಗ ಹಿಂದಿನ ಎರಡು ಚಕ್ರಗಳಿಂದ ಮಾತ್ರ ಎಳೆಯುವ ಟ್ರ್ಯಾಕ್ಟರು ನಿಂತಲ್ಲೇ ತಿರುಗಿ ಹೂತುಕೊಳ್ಳುವುದುಂಟು. ಮುಂದಿನ ಚಕ್ರಗಳಿಗೂ ಬಲ ಹೋಗುವ ವ್ಯವಸ್ಥೆ, ಕೆಸರಿಗೆ ಹಾಕುವ ಕಬ್ಬಿಣದ ಕೇಜ್ ವೀಲ್, ಚಕ್ರದ ಅಚ್ಚಿನೊಳಕ್ಕೆ ಕೆಸರುನೀರು ನುಗ್ಗದ ಭದ್ರವಾದ ಸೀಲು, ನೆಲದಿಂದ ಸಾಕಷ್ಟು ಎತ್ತರದಲ್ಲಿರುವ ಒಡಲು, ಇವು ಅವನಿಗೆ ಅಲಂಕಾರವಲ್ಲ, ಅಗತ್ಯ. ಕುದುರೆ ಸಾಕಣೆಗೆ ಹೆಸರಾದ ಊರಿನವನು ಅಶ್ವಶಕ್ತಿಯ ವಿಷಯದಲ್ಲಿ ಸ್ವಲ್ಪ ಧಾರಾಳಿಯಾದರೆ ಅದನ್ನೂ ಕ್ಷಮಿಸಬಹುದು.

ಅದೇ ಯಂತ್ರವು ಗುಬ್ಬಿಯ ತೋಟಕ್ಕೆ ಬಂದರೆ ಕಥೆ ಬೇರೆ. ಅಡಿಕೆಯನ್ನು ಒಂಬತ್ತು ಅಡಿಗೆ ಒಂಬತ್ತು ಅಡಿ, ಎಂದರೆ 2.7 ಮೀಟರ್ ಅಂತರದಲ್ಲಿ ನೆಡುವುದು ಶಿಫಾರಸಾದ ಕ್ರಮ. ನಲವತ್ತೈದು ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿನ ಅಗಲ ಆರು ಅಡಿಯ ಆಸುಪಾಸು. ಒಂಬತ್ತರಲ್ಲಿ ಆರು ಹೋದರೆ ಮೂರು ಉಳಿಯಿತು, ಧಾರಾಳವಾಯಿತು ಎಂದು ಲೆಕ್ಕದ ಮೇಷ್ಟ್ರು ಹೇಳಬಹುದು. ತೋಟದ ಲೆಕ್ಕ ಹಾಗಲ್ಲ. ಸಾಲಿನ ನಡುವೆ ಬಾಳೆ ಇದೆ, ಮರದ ಬುಡಕ್ಕೆ ಹನಿನೀರಾವರಿಯ ಕೊಳವೆ ಇದೆ, ಮರಕ್ಕೆ ಮೆಣಸಿನ ಬಳ್ಳಿಯೋ ವೀಳ್ಯದ ಬಳ್ಳಿಯೋ ಹಬ್ಬಿದೆ, ಬಸಿಗಾಲುವೆಯೂ ಇದ್ದೀತು. ನೇರವಾಗಿ ನುಗ್ಗಿದ ಟ್ರ್ಯಾಕ್ಟರು ಸಾಲಿನ ತುದಿಯಲ್ಲಿ ತಿರುಗಬೇಕಲ್ಲ? ಅಲ್ಲಿ ಬೇಲಿ. ಹಿಂದೆ ಕಟ್ಟಿದ ಉಪಕರಣದ ಮೂಲೆ ತಗುಲಿ ಅಡಿಕೆಮರದ ಸಿಪ್ಪೆ ಸುಲಿದರೆ ಆ ಗಾಯ ಮತ್ತೆ ಮುಚ್ಚುವುದಿಲ್ಲ. ಅಡಿಕೆಗೆ ತಾಯಿಬೇರೂ ಇಲ್ಲ. ಅದರದು ತಂತುಬೇರು, ನೀರು ಗೊಬ್ಬರ ಹೀರುವ ಬೇರುಗಳಲ್ಲಿ ಬಹಳಷ್ಟು ಮೇಲ್ಮಣ್ಣಿನಲ್ಲಿಯೇ ಹರಡಿಕೊಂಡಿರುತ್ತವೆ. ಭಾರದ ಯಂತ್ರ ಪದೇಪದೇ ಓಡಾಡಿದರೆ ಮಣ್ಣು ಬಿಗಿದುಕೊಳ್ಳುತ್ತದೆ, ರೋಟವೇಟರಿನ ಬ್ಲೇಡು ಆಳಕ್ಕೆ ಹೋದರೆ ಬೇರು ಕತ್ತರಿಸುತ್ತದೆ. ಫಲ ಬರಲು ಐದಾರು ವರ್ಷ ಕಾದ ಮರಕ್ಕೆ ಒಂದು ಮಧ್ಯಾಹ್ನದಲ್ಲಿ ಆಗುವ ಅಪಚಾರ ಇದು.

ಆದುದರಿಂದ ತೋಟದವನು ಕ್ಯಾಟಲಾಗಿನಲ್ಲಿ ಮೊದಲು ಓದಬೇಕಾದದ್ದು ಎಚ್.ಪಿ.ಯ ಸಾಲನ್ನಲ್ಲ; ಒಟ್ಟು ಅಗಲ, ತಿರುವಿನ ತ್ರಿಜ್ಯ, ತೂಕ, ಈ ಮೂರನ್ನು. ಸುಮಾರು ಮೂರೂವರೆ ನಾಲ್ಕು ಅಡಿ ಅಗಲದ, ಇಪ್ಪತ್ತರ ಆಸುಪಾಸಿನ ಅಶ್ವಶಕ್ತಿಯ ಕಿರಿಯ ಟ್ರ್ಯಾಕ್ಟರುಗಳು ಇಂಥ ಕಡೆಗೆಂದೇ ಬಂದಿವೆ. ಅವುಗಳಲ್ಲಿಯೂ ಹೊಗೆಯ ಕೊಳವೆ ಮೇಲಕ್ಕೆ ನೆಟ್ಟಗೆ ನಿಂತಿದೆಯೇ, ಪಕ್ಕಕ್ಕೆ ಬಾಗಿದೆಯೇ ಎಂಬುದನ್ನು ನೋಡಬೇಕು. ತಗ್ಗಿದ ತೆಂಗಿನ ಗರಿಗೆ ಮೊದಲು ಸಿಕ್ಕುವುದು ಅದೇ. ಇನ್ನೂ ಇಕ್ಕಟ್ಟಾದ ತೋಟಕ್ಕೆ ಪವರ್ ಟಿಲ್ಲರ್ ಉಂಟು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಕಂಪನಿಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಈ ಯಂತ್ರವನ್ನು ನಮ್ಮ ಸೀಮೆಗೆ ಪರಿಚಯ ಮಾಡಿಸಿತು. ಹಿಂದೆ ನಡೆದು ಹಿಡಿಯುವವನ ತೋಳಿಗೆ ಅದರಿಂದ ದಣಿವು ಹೆಚ್ಚು, ಮರಕ್ಕೆ ಅಪಾಯ ಕಡಮೆ. ಮಣ್ಣಿನ ಬಗೆಗೆ ಸಂಶಯವಿದ್ದವರು ತುಮಕೂರಿಗೆ ಸಮೀಪದ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ, ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ಕೇಳಬಹುದು. ಅಲ್ಲಿ ಮಾರುವವರಿಲ್ಲವಾದ್ದರಿಂದ ಉತ್ತರವೂ ಬೇರೆ ತೆರನಾಗಿರುತ್ತದೆ.

ಅಷ್ಟಾದರೂ ನಾಲ್ಕು ಎಕರೆ ರಾಗಿಯ ಹೊಲ ಉಳಿಯಿತು. ತಮ್ಮನ ವಾದಕ್ಕೆ ಬಲವಿರುವುದು ಇಲ್ಲಿ. ಕೆಂಪು ಮಣ್ಣು ಬೇಸಗೆಯಲ್ಲಿ ಕಲ್ಲಾಗುತ್ತದೆ. ಮೊದಲ ಮಳೆಯ ಹದ ಎರಡು ಮೂರು ದಿನಕ್ಕಿಂತ ನಿಲ್ಲುವುದಿಲ್ಲ. ಒಂದು ಜೊತೆ ಎತ್ತು ಕೊಡುವ ಬಲ ಸುಮಾರಾಗಿ ಒಂದು ಅಶ್ವಶಕ್ತಿ. ಹದ ಹಾರುವುದರೊಳಗೆ ನಾಲ್ಕು ಎಕರೆ ಮುಗಿಸಲು ಅದು ಸಾಲದು. ಕಿರಿಯ ಟ್ರ್ಯಾಕ್ಟರು ಮೂರು ಅಡಿಯ ರೋಟವೇಟರನ್ನು ಎಳೆದರೆ, ಐದು ಅಡಿಯದನ್ನು ಎಳೆಯಲು ಮೂವತ್ತೈದರಿಂದ ನಲವತ್ತೈದು ಅಶ್ವಶಕ್ತಿ ಬೇಕಾಗುತ್ತದೆ. ಆದರೆ ಹೊಲವನ್ನು ವರ್ಷವರ್ಷವೂ ರೋಟವೇಟರಿನಿಂದಲೇ ಹಿಟ್ಟು ಮಾಡುವುದು ಒಳ್ಳೆಯದಲ್ಲ. ಪುಡಿಯಾದ ಕೆಂಪು ಮಣ್ಣು ಒಂದು ಜಡಿಮಳೆಗೆ ಹೆಪ್ಪುಗಟ್ಟಿ, ಮೊಳಕೆ ಮೇಲೇಳಲು ಹೆಣಗುತ್ತದೆ. ಬ್ಲೇಡು ತಲುಪುವ ಆಳದ ಕೆಳಗೆ ಮಣ್ಣಿನ ಗಟ್ಟಿ ಪದರವೊಂದು ಕೂಡುತ್ತದೆ. ಒಂಬತ್ತು ಹಲ್ಲಿನ ಕಲ್ಟಿವೇಟರು ನೋಡಲು ಅಷ್ಟು ಚೆಂದವಲ್ಲದಿದ್ದರೂ ಬೆದ್ದಲಿಗೆ ಒಗ್ಗುವ ಸಾಧನ.

ಇನ್ನು ಎಚ್.ಪಿ.ಯ ಮಾತು. ಬಾನೆಟ್ಟಿನ ಮೇಲೆ ಬರೆದ ಅಂಕಿ ಎಂಜಿನ್ನಿನದು. ಉಪಕರಣಕ್ಕೆ ತಲುಪುವುದು ಹಿಂಬದಿಯ ತಿರುಗುಗೂಟದ ಬಲ, ಪಿ.ಟಿ.ಓ. ಎಂದು ಎಲ್ಲರೂ ಕರೆಯುವುದು ಅದನ್ನೇ. ದಾರಿಯಲ್ಲಿ ಹಲ್ಲುಚಕ್ರಗಳು ತಮ್ಮ ಸುಂಕ ಕಳೆದುಕೊಂಡೇ ಬಿಡುವುದರಿಂದ ಎಂಜಿನ್ನಿನ ನಲವತ್ತೈದು ಪಿ.ಟಿ.ಓ.ದಲ್ಲಿ ಮೂವತ್ತೆಂಟು ನಲವತ್ತಾಗುವುದು ಸಹಜ. ಒಂದೇ ಎಚ್.ಪಿ.ಯ ಎರಡು ಕಂಪನಿಗಳ ಯಂತ್ರಗಳಲ್ಲಿ ಇದು ಬೇರೆಬೇರೆಯಾಗಿರುತ್ತದೆ. ನಿಜವನ್ನು ತಿಳಿಯುವ ಉಪಾಯವೊಂದಿದೆ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಅದು ಟ್ರ್ಯಾಕ್ಟರನ್ನು ಪರೀಕ್ಷಿಸಿ ಪಿ.ಟಿ.ಓ.ದ ಬಲ ಎಷ್ಟು, ಎಳೆತ ಎಷ್ಟು, ಹೈಡ್ರಾಲಿಕ್ ತೋಳು ಎತ್ತುವ ಭಾರ ಎಷ್ಟು, ಗಂಟೆಗೆ ಕುಡಿಯುವ ಡೀಸೆಲ್ ಎಷ್ಟು ಎಂಬುದನ್ನೆಲ್ಲ ವರದಿಯಾಗಿ ಬರೆದಿಡುತ್ತದೆ. “ಈ ಮಾದರಿಯ ಬುದನಿ ವರದಿ ತೋರಿಸಿ” ಎಂದು ಷೋರೂಮಿನಲ್ಲಿ ಕೇಳುವ ಗಿರಾಕಿಯ ಮುಂದೆ ಮಾರಾಟಗಾರನ ಮಾತು ಕೊಂಚ ಅಳತೆಗೆ ಬರುತ್ತದೆ. ಅದೇ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುವುದು.

ಕ್ಲಚ್ಚು ಒಂದೋ ಎರಡೋ ಎಂಬ ವಿಚಾರವನ್ನು ಅನೇಕರು ಕೇಳುವುದೇ ಇಲ್ಲ. ಒಂಟಿ ಕ್ಲಚ್ಚಿನ ಟ್ರ್ಯಾಕ್ಟರಿನಲ್ಲಿ ಕ್ಲಚ್ ಒತ್ತಿದೊಡನೆ ಚಕ್ರವೂ ನಿಲ್ಲುತ್ತದೆ, ಪಿ.ಟಿ.ಓ.ವೂ ನಿಲ್ಲುತ್ತದೆ. ಜೋಡಿ ಕ್ಲಚ್ಚಿನದರಲ್ಲಿ ಗಾಡಿ ನಿಂತರೂ ಹಿಂದಿನ ಯಂತ್ರ ತಿರುಗುತ್ತಿರುತ್ತದೆ. ಸಾಲಿನ ತುದಿಯಲ್ಲಿ ನಿಂತು ಗೇರು ಬದಲಾಯಿಸುವ ತೋಟದವನಿಗೆ, ಔಷಧ ಸಿಂಪಡಿಸುವವನಿಗೆ ಇದರಿಂದ ದೊಡ್ಡ ಅನುಕೂಲ. ಬರಿಯ ಕಲ್ಟಿವೇಟರು, ಟ್ರೈಲರು ಎಳೆಯುವವನು ಅದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಹಣದ ಮಾತು ಬಂದಿತು. ಕೃಷಿ ಎಂಜಿನಿಯರರು ಖರ್ಚು ಲೆಕ್ಕ ಹಾಕುವಾಗ ಟ್ರ್ಯಾಕ್ಟರಿನ ಆಯುಸ್ಸು ಹತ್ತು ವರ್ಷ, ದುಡಿಮೆ ವರ್ಷಕ್ಕೆ 1000 ಗಂಟೆ ಎಂದು ಹಿಡಿಯುವುದು ವಾಡಿಕೆ. ಉದಾಹರಣೆಗೆ ಏಳು ಲಕ್ಷ ರೂಪಾಯಿನ ಟ್ರ್ಯಾಕ್ಟರು ಎನ್ನೋಣ. ಹತ್ತು ವರ್ಷದ ಕೊನೆಗೆ ಅದಕ್ಕೆ ಹತ್ತನೆಯ ಒಂದು ಪಾಲು ಬೆಲೆ ಉಳಿಯುವುದಾದರೆ ವರ್ಷವರ್ಷ ಸವೆಯುವುದು 63,000 ರೂಪಾಯಿ. ಸರಾಸರಿ ತೊಡಗಿಸಿದ ಹಣಕ್ಕೆ ಶೇಕಡ 10ರಂತೆ ಬಡ್ಡಿ 38,500. ಒಟ್ಟು 1,01,500. ವರ್ಷಕ್ಕೆ 1000 ಗಂಟೆ ಓಡಿದರೆ ಗಂಟೆಗೆ ನೂರೊಂದೂವರೆ ರೂಪಾಯಿ ಬಿತ್ತು. ಗುಬ್ಬಿಯ ಏಳು ಎಕರೆಯ ಮನೆಯಲ್ಲಿ ಅದು ಎಷ್ಟು ಓಡೀತು? ರಾಗಿಯ ಹೊಲಕ್ಕೆ ಎರಡು ಸಾಲು ಉಳುಮೆ, ಒಂದು ಹದ ಎಂದರೆ ಹದಿನಾಲ್ಕು ಹದಿನೈದು ಗಂಟೆ. ತೋಟಕ್ಕೆ ವರ್ಷಕ್ಕೆರಡು ಬಾರಿ ಎಂದರೆ ಹನ್ನೆರಡು. ಗೊಬ್ಬರ, ಕಾಯಿ, ಹುಲ್ಲು ಸಾಗಿಸಲು ನಲವತ್ತು ಐವತ್ತು. ಧಾರಾಳವಾಗಿ 100 ಗಂಟೆ ಎಂದುಕೊಂಡರೂ ಗಂಟೆಗೆ 1,015 ರೂಪಾಯಿ. ಅದೂ ಒಂದು ತೊಟ್ಟು ಡೀಸೆಲ್ ಹಾಕುವ ಮೊದಲೇ, ಡ್ರೈವರಿಗೆ ಒಂದು ಕಾಸು ಕೊಡುವ ಮೊದಲೇ. ಈ ಅಂಕಿಯನ್ನು ಊರಿನ ಬಾಡಿಗೆಯ ದರದ ಪಕ್ಕದಲ್ಲಿ ಬರೆದು ನೋಡಿದರೆ ಅನೇಕ ಮನೆಗಳಲ್ಲಿ ಭಾನುವಾರದ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಬಾಡಿಗೆಗೆ ಯಂತ್ರ ಕೊಡಲೆಂದೇ ರಾಜ್ಯದಲ್ಲಿ 2014–15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಆರಂಭವಾದವು.

“ಬಾಡಿಗೆಗೆ ನಾನೇ ಓಡಿಸ್ತೀನಿ ಅಣ್ಣಯ್ಯ, ಸಾವಿರ ಗಂಟೆ ಯಾವ ಲೆಕ್ಕ?” ಎಂಬುದು ತಮ್ಮನ ಉತ್ತರವಾಗಿರುತ್ತದೆ. ಇರಬಹುದು. ಆದರೆ ಮಳೆ ಬಿದ್ದ ದಿನ ಊರಿನವರೆಲ್ಲರಿಗೂ ಅದೇ ದಿನವೇ ಟ್ರ್ಯಾಕ್ಟರು ಬೇಕು. ಪರರ ಹೊಲಕ್ಕೆ ಹೋದರೆ ತನ್ನ ಹೊಲದ ಹದ ತಪ್ಪೀತು. ಅದೇ ಲೆಕ್ಕ ಹಾಕಿ ಬೀದಿಯಲ್ಲಿ ಇನ್ನೂ ಇಬ್ಬರು ತಂದಿದ್ದಾರು. ಮಾಡಿದ ಕೆಲಸದ ಹಣ ಸುಗ್ಗಿಯಾದ ಮೇಲೆ ಬರುತ್ತದೆ. ಕೆಲವು ಬಾರಿ ಸುಗ್ಗಿ ಬರುತ್ತದೆ, ಹಣ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ ತೆರಿಗೆ ಇಳಿದುದರಿಂದ ಹೊಲ ದೊಡ್ಡದಾಗಲಿಲ್ಲ.

ಬಿಡಿಭಾಗಗಳ ಸಂಗತಿಯನ್ನು ತುಮಕೂರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. 1978ರಲ್ಲಿ ಆರಂಭವಾದ ಇಲ್ಲಿಯ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಎಷ್ಟೋ ಮನೆಗಳ ಒಲೆ ಉರಿಸಿತು. ಅದೇ ಎಚ್.ಎಂ.ಟಿ. 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯದ ಜೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನೂ ತಯಾರಿಸುತ್ತಿತ್ತು. 2016ರಲ್ಲಿ ಗಡಿಯಾರದ ಕಾರ್ಖಾನೆಯನ್ನೂ ಟ್ರ್ಯಾಕ್ಟರ್ ವಿಭಾಗವನ್ನೂ ಮುಚ್ಚುವ ತೀರ್ಮಾನಗಳು ಒಂದೇ ವರ್ಷದಲ್ಲಿ ಬಂದವು. ನಿಂತ ಗಡಿಯಾರವನ್ನು ನೆನಪಿಗೆಂದು ಪೆಟ್ಟಿಗೆಯಲ್ಲಿಡಬಹುದು. ಬಿಡಿಭಾಗ ಸಿಕ್ಕದೆ ನಿಂತ ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ ನಾಲ್ಕು ಹಸುವಿನ ಜಾಗ ಹಿಡಿಯುತ್ತದೆ. ಯಾವ ಕಂಪನಿಯದೇ ಆಗಲಿ, ಕೊಳ್ಳುವ ಮೊದಲು ಊರಿನಲ್ಲಿ ಅದನ್ನು ಐದಾರು ವರ್ಷ ಓಡಿಸಿದವನನ್ನು ಹುಡುಕಿ, ಬಿತ್ತನೆಯ ಕಾಲದಲ್ಲಿ ಕೆಟ್ಟಾಗ ಮೆಕ್ಯಾನಿಕ್ಕು ಎಷ್ಟು ದಿನಕ್ಕೆ ಬಂದ ಎಂದು ಕೇಳಬೇಕು. ಐವತ್ತು ಅಶ್ವಶಕ್ತಿಗೆ ಮೀರಿದ ಯಂತ್ರಗಳಿಗೆ 2023ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾದ ಮೇಲೆ ಅವುಗಳ ಇಂಧನ ವ್ಯವಸ್ಥೆ ಬಹುಮಟ್ಟಿಗೆ ಎಲೆಕ್ಟ್ರಾನಿಕ್ ಹತೋಟಿಗೆ ಬಂದಿದೆ. ಗಾಳಿಗೆ ಒಳ್ಳೆಯದು, ಗುಬ್ಬಿಯ ಸಂತೆಬೀದಿಯ ಮೆಕ್ಯಾನಿಕ್ಕಿನ ಸ್ಪ್ಯಾನರಿಗೆ ಮಾತ್ರ ಅದು ಬಗ್ಗುವುದಿಲ್ಲ.

ಇಲ್ಲಿಯವರೆಗಿನದು ಹಣದ ನಷ್ಟ. ಪ್ರಾಣದ ವಿಚಾರ ಬೇರೆಯೇ ಇದೆ. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ ಒಂಬತ್ತು. ರಾಗಿ ಒಕ್ಕುವ ಯಂತ್ರದ ಬಳಿ ಹುಲ್ಲು ಒತ್ತುತ್ತಿರುವ ಹೆಂಗಸಿನ ಸೆರಗೋ, ಗಂಡಸಿನ ಪಂಚೆಯ ತುದಿಯೋ ಅದಕ್ಕೆ ಸಿಕ್ಕಿದರೆ ಕೂಗುವುದಕ್ಕೂ ವ್ಯವಧಾನವಿರುವುದಿಲ್ಲ. ಆ ಗೂಟದ ಮೇಲಿನ ಹೊದಿಕೆ ಅಡ್ಡಿಯೆಂದು ಮೊದಲ ವಾರವೇ ಕಿತ್ತು ಮೂಲೆಗೆಸೆಯುವವರು ಬಹಳ ಮಂದಿ. ಎರಡನೆಯದು ಬ್ರೇಕು. ಹೊಲದಲ್ಲಿ ಚುರುಕಾಗಿ ತಿರುಗಲೆಂದು ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ಬ್ರೇಕಿನ ಪೆಡಲುಗಳಿರುತ್ತವೆ. ರಸ್ತೆಗೆ ಇಳಿಯುವ ಮೊದಲು ಎರಡನ್ನೂ ಸೇರಿಸಿ ಕೊಂಡಿ ಹಾಕಬೇಕು. ಕೊಂಡಿ ಮರೆತು ಹೆದ್ದಾರಿಯಲ್ಲಿ ಒಂದೇ ಪೆಡಲು ಒತ್ತಿದರೆ, ತನಗೆ ಬ್ರೇಕೇ ಇಲ್ಲದ ಟ್ರೈಲರು ತುಂಬಿದ ಕಾಯಿಯೊಡನೆ ಹಿಂದಿನಿಂದ ತಳ್ಳುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳು ಒಣ ಬ್ರೇಕುಗಳಿಗಿಂತ ನಿಧಾನವಾಗಿ ಸವೆಯುತ್ತವೆ, ನೀರು ಕೆಸರು ತಗುಲಿ ಕೆಡುವುದಿಲ್ಲ; ಮೇಲುಬೆಲೆ ಕೊಟ್ಟು ಕೊಳ್ಳಬೇಕಾದದ್ದು ಇದನ್ನು. ಮೂರನೆಯದಾಗಿ, ಎಳೆಯುವ ಭಾರವನ್ನು ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿಯೋ ಕಟ್ಟಿದರೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದು ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಭಾರವನ್ನು ಕೆಳಗಿನ ಎಳೆತದ ಪಟ್ಟಿಗೇ ಕಟ್ಟಬೇಕು. ಚಾಲಕನ ಹಿಂದೆ ನಿಲ್ಲುವ ಉಕ್ಕಿನ ಕಮಾನು, ಅದರೊಡನೆ ಸೀಟಿನ ಬೆಲ್ಟು ಇದ್ದರೆ ಮಗುಚಿದಾಗಲೂ ಮನುಷ್ಯ ಬದುಕುವ ಸಂಭವ ಹೆಚ್ಚು. ತೋಟದ ಗರಿಗೆ ತಗುಲುತ್ತದೆ ಎನ್ನುವವರಿಗೆ ಮಡಿಸುವ ಕಮಾನೂ ಉಂಟು. ಸ್ಟೀರಿಯೋ ಬಾಕ್ಸಿಗೂ ಬಣ್ಣದ ಕುಚ್ಚಿಗೂ ಹಣ ಕೊಡುವ ಮನೆ ಇದಕ್ಕೆ ಚೌಕಾಸಿ ಮಾಡುವುದು ವಿಚಿತ್ರವಾಗಿ ತೋರುತ್ತದೆ. ಆ ಸೀಟಿನ ಮೇಲೆ ಕೂರುವವನು ಮನೆಯ ಹುಡುಗನೇ ತಾನೆ?

ಭಾನುವಾರದ ಮಾತಿಗೆ ಬಂದರೆ, ಅಣ್ಣ ಇಲ್ಲವೆನ್ನಲಿಲ್ಲ, ಆಗಲೆನ್ನಲೂ ಇಲ್ಲ. ಅತ್ತಿಗೆಯ ಬಳೆಯ ಪ್ರಸ್ತಾಪ ಎರಡು ಸಲ ತುದಿನಾಲಗೆಯವರೆಗೆ ಬಂದು ಹಿಂದಕ್ಕೆ ಹೋಯಿತು. ಕೊನೆಗೆ ಅವಳೇ, “ತೋಟದ ಸಾಲು ಎಷ್ಟಗಲ ಅಂತ ಯಾರಾದರೂ ಅಳೆದಿದ್ದೀರಾ?” ಎಂದಳು. ಇಬ್ಬರೂ ಅಳೆದಿರಲಿಲ್ಲ.

ಮರುದಿನ ತಮ್ಮ ಗುಬ್ಬಿಗೆ ಹೋಗಿ ತೆಂಗಿನ ನಾರಿನ ಹಗ್ಗವೊಂದನ್ನು ಹಿಡಿದು ತೋಟದಲ್ಲಿ ನಡೆದ. ಬಾಳೆ, ಕೊಳವೆ ಎಲ್ಲವನ್ನೂ ಬಿಟ್ಟು ಎಲ್ಲಕ್ಕಿಂತ ಇಕ್ಕಟ್ಟಾದ ಸಾಲಿನಲ್ಲಿ ಉಳಿಯುವ ಜಾಗಕ್ಕೆ ಒಂದು ಗಂಟು. ಬೇಲಿಯ ಪಕ್ಕದಲ್ಲಿ ತಿರುಗುವ ಜಾಗಕ್ಕೆ ಇನ್ನೊಂದು. ಆ ವಾರವೇ ತುಮಕೂರಿನ ಷೋರೂಮೊಂದರಲ್ಲಿ ಅಣ್ಣತಮ್ಮಂದಿರಿಗೆ ಕುರ್ಚಿ ಹಾಕಿ, ತಂಪು ಪಾನೀಯ ತರಿಸಿ, ಮಾರಾಟದ ಹುಡುಗ ನಗುತ್ತ ಕೇಳಿದ: “ಎಷ್ಟು ಎಚ್.ಪಿ. ನೋಡ್ತೀರಿ ಯಜಮಾನ್ರೇ?”

ತಮ್ಮ ಜೇಬಿನಿಂದ ಹಗ್ಗ ತೆಗೆದ. “ಎಚ್.ಪಿ. ಆಮೇಲೆ ಹೇಳ್ತೀನಿ. ಆ ಕೆಂಪು ಗಾಡೀನ ಒಂದಿಷ್ಟು ಈಚೆಗೆ ತರಿಸಿ, ಅಗಲ ಹಿಡಿದು ನೋಡ್ಬೇಕು.”